ನನ್ನಿಂದಲೇ ಕಾಪಾಡು ಎಂದು ಕೇಳಿದ ದಿನಗಳು

ಮಕ್ಕಳಿಗಾಗಿ ಬೇಡಿಕೊಳ್ಳುವುದನ್ನು ನಾನು ಬಿಟ್ಟು ಹದಿಮೂರು ವರ್ಷ ದಾಟಿದ್ದವು. ಲಾತೂರಿನ ಭೂಕಂಪದಲ್ಲಿ ನಮ್ಮ ಮಗ ಬಸು ಹೋದ. ಅವನಿಗೆ ಆಗ ನಾಲ್ಕು ವರ್ಷ. ಮಾಕಣಿಯ ಕಡೆ ನಮ್ಮ ಕಲ್ಲುಮಣ್ಣಿನ ಮನೆಯಿತ್ತು, ಹೊಲವಿತ್ತು. ಹಿಂದಿನ ಸಂಜೆ ಲಿಂಗಪೂಜೆಗೆ ಕೂತಾಗ ಎಲ್ಲ ತಾಯಂದಿರು ಕೇಳುವುದನ್ನೇ ನಾನೂ ಕೇಳಿದ್ದೆ, ನನ್ನ ಕೂಸನ್ನು ಕಾಯಿ ಅಂತ. ಬೆಳಗಾಗುವಷ್ಟರಲ್ಲಿ ಗೋಡೆ ಅವನ ಮೇಲಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಹೊಲವನ್ನು ಪಾಲಿಗೆ ಕೊಟ್ಟು ನಾವು ಉಮರ್ಗಾಕ್ಕೆ ಬಂದೆವು. ನಮ್ಮ ಮನೆಯವರು ಕಿರಾಣಿ ಅಂಗಡಿ ಇಟ್ಟರು. ಗೌರಿ ಹುಟ್ಟಿದಳು, ಐದು ವರ್ಷದ ಮೇಲೆ ನೀಲಾ. ಕೊರಳಲ್ಲಿ ಲಿಂಗವಿತ್ತು, ಆದರೆ ಅದನ್ನು ನಾನು ಅಂಗೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂಡುತ್ತಿದ್ದರು. ನನ್ನನ್ನು ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಅವರು ಪೂಜೆಗೆ ಕೂತರೆ ನಾನು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದೆ. ಸದ್ದಿನಲ್ಲಿ ಅವರ ಮಾತು ಕೇಳಿಸಬಾರದು ಎಂಬುದೇ ನನ್ನ ಉದ್ದೇಶ.

ನೀಲಾಳಿಗೆ ಏಳು ನಡೆಯುತ್ತಿದ್ದ ವರ್ಷ, ಶಿವರಾತ್ರಿಯ ಹೊತ್ತಿಗೆ ನನಗೆ ಕೆಮ್ಮು ಶುರುವಾಯಿತು. ಅಂಗಡಿಗೆ ಬೇಕಾದ ಖಾರಪುಡಿಯನ್ನು ಮನೆಯಲ್ಲೇ ಜರಡಿ ಹಿಡಿದು ಪೊಟ್ಟಣ ಕಟ್ಟುವವಳು ನಾನು. ಕೆಮ್ಮಿಗೆ ಖಾರದ ಧೂಳೇ ಕಾರಣ ಎಂದುಕೊಂಡೆ. ಶುಂಠಿ ಕುದಿಸಿ ಕುಡಿದೆ, ಬಾಟಲಿ ಔಷಧ ಕುಡಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸದ ತೋಳು ಸಡಿಲಾದವು. ನೆರೆಯ ಹೆಂಗಸರು “ಸಣ್ಣಾಗೀದಿ, ಛಂದ ಕಾಣ್ತಿ” ಅಂದರೆ ನಗುತ್ತಿದ್ದೆ. ಎರಡು ತಿಂಗಳು ಹೀಗೇ ಕಳೆದೆ. ನೀಲಾ ದಿನಾ ನನ್ನ ಪಕ್ಕದಲ್ಲೇ, ನನ್ನ ಕತ್ತಿನಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದಳು. ನನಗೆ ಏನೋ ಆಗಿದೆ ಎಂದು ಒಳಗೊಳಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ದೂರ ಸರಿಸಲಿಲ್ಲ. ಈ ಬರಹದಲ್ಲಿ ಒಪ್ಪಿಕೊಳ್ಳಲೇಬೇಕಾದದ್ದು ಅದೊಂದೇ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಮಕ್ಕಳ ಪರೀಕ್ಷೆ ಮುಗಿದ ಮೇಲೆ ನಿಲಂಗಾದಲ್ಲಿ ನಮ್ಮ ಮನೆಯವರ ಕಾಕನ ಮಗಳ ಮದುವೆ ಇತ್ತು. ಊಟಕ್ಕೆ ಕೂತಿದ್ದೆವು. ನೀಲಾ ನನ್ನ ತೊಡೆಯ ಮೇಲೆ ಕೂತು ಬುಂದಿ ತಿನ್ನುತ್ತಿದ್ದಳು. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದೆ. ತೆಗೆದಾಗ ಹಸಿರು ಸೆರಗಿನ ಮೇಲೆ ಕೆಂಪು ಚುಕ್ಕೆಗಳು.

“ಅವ್ವಾ, ಕುಂಕುಮ ಹತ್ತ್ಯದ ನೋಡು,” ಎಂದಳು ನೀಲಾ.

“ಹೂಂ,” ಎಂದು ಸೆರಗು ಮಡಚಿಕೊಂಡೆ. ಆ ಊಟವನ್ನು ಪೂರ್ತಿ ಮುಗಿಸಿದೆ. ಮದುವೆಮನೆಯಲ್ಲಿ ಎಲೆ ಬಿಟ್ಟು ಏಳಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದ ವಿಚಾರ.

ಉಮರ್ಗಾದ ಸರಕಾರಿ ದವಾಖಾನೆಯಲ್ಲಿ ಕಫ ಹಾಕಲು ಸಣ್ಣ ಡಬ್ಬಿ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಅದರಲ್ಲಿ ಕೆಮ್ಮಿ, ಮುಚ್ಚಿ, ಪೇಪರಿನಲ್ಲಿ ಸುತ್ತಿ, ಬಾಗಿನ ಒಯ್ಯುವವಳ ಹಾಗೆ ಸೆರಗಿನಡಿ ಹಿಡಿದುಕೊಂಡು ಹೋದೆ. ದಾರಿಯಲ್ಲಿ ಯಾರು ಮಾತಾಡಿಸಿದರೂ ನಿಲ್ಲಲಿಲ್ಲ. ಆಮೇಲೆ ಎಕ್ಸರೇ. ಒಳಗಿದ್ದವನು ನನ್ನ ಕೊರಳು ನೋಡಿ ಮರಾಠಿಯಲ್ಲಿ, ಕೊರಳಲ್ಲಿರುವುದೆಲ್ಲ ತೆಗೆಯಿರಿ ಅಂದ. ತಾಳಿ ತೆಗೆದೆ. ಅವನು ಲಿಂಗದ ಕರಡಿಗೆಯತ್ತ ಕೈ ತೋರಿಸಿದ. ಹುಟ್ಟಿದಾಗ ಕಟ್ಟಿದ್ದು, ಬಸು ಹೋದ ದಿನವೂ ಮೈಮೇಲಿಂದ ಇಳಿದಿರಲಿಲ್ಲ. ಹೊರಗೆ ಬಂದು, ಜೊತೆಗೆ ಬಂದಿದ್ದ ನಮ್ಮವರ ಕೈಯಲ್ಲಿಟ್ಟೆ.

“ಕೆಳಗ ಇಡಬ್ಯಾಡ್ರಿ,” ಅಂದೆ.

“ಇಡಂಗಿಲ್ಲ, ಹೋಗು,” ಅಂದರು.

ನಾನು ಹೊರಗೆ ಬಂದಾಗ ಅವರು ಆ ಗದ್ದಲದ ನಡುವೆ ಎರಡೂ ಅಂಗೈ ಜೋಡಿಸಿ ಅದನ್ನು ಹಿಡಿದುಕೊಂಡು ನಿಂತಿದ್ದರು. ಮೂಗಿನ ಮೇಲೆ ನೊಣ ಕೂತಿತ್ತು. ಓಡಿಸಲು ಕೈ ಬಿಡಲಾರದೆ ತಲೆ ಅಲ್ಲಾಡಿಸುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಮಮತೆ ಬಂದದ್ದು ನೆನಪಿಲ್ಲ.

ಟಿ.ಬಿ. ಎಂದು ಡಾಕ್ಟರು ಹೇಳಿದರು. ಆರು ತಿಂಗಳು ಗುಳಿಗೆ ತಪ್ಪದೆ ನುಂಗಿದರೆ ಗುಣವಾಗುತ್ತದೆ ಎಂದೂ ಹೇಳಿದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಎಂದು ಕೇಳಿದರು. ಅಲ್ಲಿಂದ ಮುಂದೆ ಅವರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಮೊದಲು ಬಾಗಿಲು ಹಾಕಿದರು. “ಯಾರ ಮುಂದೂ ಹೇಳಬ್ಯಾಡ. ಅಂಗಡಿ ಅದ ನಮ್ದು. ಟಿ.ಬಿ. ಆದವರ ಮನೀದು ಬೆಲ್ಲ ಯಾರು ಒಯ್ತಾರ?”

ಅತ್ತೆ ಹತ್ತಿ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. “ಬೆಲ್ಲ ಇರಲಿ ಬಿಡಪ್ಪಾ. ಪೋರಿಗಳ ಮಾತು ಹೇಳು. ಅವರನ್ನ ಎಲ್ಲಿ ಕಳಸ್ತಿ?”

ಉದಗೀರದಲ್ಲಿ ನನ್ನ ನಾದಿನಿ ಕಮಲಕ್ಕ ಇದ್ದಾಳೆ. ಗಂಡನಿಗೆ ಅರಿವೆ ಅಂಗಡಿ. ಬೇಸಿಗೆ ರಜೆ ಹೇಗೂ ಇತ್ತು. ಅವಳೊಬ್ಬಳಿಗೆ ಮಾತ್ರ ನಿಜ ಹೇಳಿ, ಮಾರನೆಯ ದಿನವೇ ಮಕ್ಕಳನ್ನು ಅಲ್ಲಿಗೆ ಕಳಿಸುವುದೆಂದಾಯಿತು. ಗೌರಿಗೆ ಹನ್ನೆರಡು ವರ್ಷ, ಎಲ್ಲವನ್ನೂ ಗಮನಿಸುವ ಹುಡುಗಿ.

“ನಿನಗೇನಾಗ್ಯದ ಅವ್ವಾ?” ಎಂದು ಕೇಳಿದಳು.

“ಕೆಮ್ಮು ಜಾಸ್ತಿ ಆಗ್ಯದ. ಖಾರದ್ದು.”

ಅವಳು ನನ್ನ ಮುಖ ನೋಡಿ, ತಂಗಿಯ ಬಟ್ಟೆ ಮಡಚತೊಡಗಿದಳು. ಹೊರಡುವಾಗ ನೀಲಾ ಓಡಿ ಬಂದಳು. ನಾನು ಬಾಗಿಲ ಹಿಂದೆ ಸರಿದು, “ಅಲ್ಲೇ ನಿಲ್ಲು” ಎಂದು ಗದರಿದೆ. ಅವಳು ಅಲ್ಲೇ ನಿಂತಳು. ನನ್ನಿಂದ ಅವಳು ಅಂಥ ದನಿ ಕೇಳಿದ್ದು ಅದೇ ಮೊದಲು.

ಹಿಂದಿನ ಕೋಣೆಯಲ್ಲಿ ತೊಗರಿಬೇಳೆಯ ಚೀಲಗಳಿದ್ದವು. ಅವನ್ನು ಅಂಗಡಿಗೆ ಸಾಗಿಸಿ ನನಗೆ ಅಲ್ಲಿ ಹಾಸಿಗೆ ಹಾಕಿದರು. ಕಿಟಕಿ ಪಡುವಣಕ್ಕಿತ್ತು. ಉಮರ್ಗಾದ ಬೇಸಿಗೆ, ತಗಡಿನ ಮಾಡು, ಮಧ್ಯಾಹ್ನಕ್ಕೆ ಕೋಣೆ ಭಟ್ಟಿಯ ಹಾಗೆ. ಸೋಮವಾರ, ಬುಧವಾರ, ಶುಕ್ರವಾರ ದವಾಖಾನೆಗೆ ಹೋಗಿ ಅವರ ಕಣ್ಣೆದುರಿಗೇ ಗುಳಿಗೆ ನುಂಗಬೇಕು. ಒಂದು ಬೊಗಸೆ ಗುಳಿಗೆ. ಅಲ್ಲಿ ನನ್ನ ಹೆಸರು ಬರೆದ ರಟ್ಟಿನ ಪೆಟ್ಟಿಗೆಯೊಂದು ಇತ್ತು, ಆರು ತಿಂಗಳದ್ದು. ಅದನ್ನು ಕಾಯುತ್ತಿದ್ದ ರಜಿಯಾ ಸಿಸ್ಟರ್ ಅರ್ಧ ಮರಾಠಿ, ಅರ್ಧ ದಖನಿ ಉರ್ದು, ನಡುವೆ ನನಗಾಗಿ ನಾಲ್ಕು ಕನ್ನಡ ಮಾತು ಆಡುತ್ತಿದ್ದಳು. ಮೊದಲ ವಾರ ನುಂಗಿದ್ದನ್ನೆಲ್ಲ ಅವಳ ಮೇಜಿನ ಪಕ್ಕದಲ್ಲೇ ವಾಂತಿ ಮಾಡಿದೆ.

“ರಡೂ ನಕಾ, ಅಳಬ್ಯಾಡ್ರಿ,” ಎಂದು ತಾನೇ ನೀರು ತಂದು ಚೆಲ್ಲಿದಳು. “ಇನ್ನ ಮ್ಯಾಲ ಎರಡು ಜ್ವಾಳದ ಭಾಕ್ರಿ ತಿಂದು ಬರ್ರಿ. ಹಸಿದ ಹೊಟ್ಟೀಗಿ ಬ್ಯಾಡ.” ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಅವಳು ನನ್ನ ಬೆನ್ನು ಸವರಿದಳು. ರೋಗ ಗೊತ್ತಾದಾಗಿನಿಂದ ಅತ್ತೆಯೊಬ್ಬರನ್ನು ಬಿಟ್ಟು ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಊಟದ ತಾಟು ಬೇರೆ, ಲೋಟ ಬೇರೆ. ಯಾರೂ ಕೆಟ್ಟ ಮಾತಾಡಲಿಲ್ಲ, ಆದರೆ ನಮ್ಮವರು ಕೋಣೆಯ ಹೊಸ್ತಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಒಳಗೆ ಬರುತ್ತಿದ್ದವರು ಅತ್ತೆ ಒಬ್ಬರೇ. ನನ್ನ ತಲೆ ಬಾಚುವುದು, ಚಾದರ ಬಿಸಿಲಿಗೆ ಹಾಕುವುದು, ಕಫದ ಡಬ್ಬಿಗೆ ಬೂದಿ ಹಾಕುವುದು ಎಲ್ಲ ಅವರದೇ. ಡಾಕ್ಟರು ಹೇಳಿದ್ದಾರೆ, ಮೂಗು ಕಟ್ಟಿಕೊಳ್ಳಿರಿ ಅಂದರೆ, “ನನಗ ಎಪ್ಪತ್ತು ಆಗ್ಯಾವ. ಇನ್ನ ನನ್ನ ಹತ್ರ ಅದು ಬಂದು ಏನ್ ಮಾಡ್ತದ?” ಅನ್ನುವರು.

ಆ ಕೋಣೆಯ ಗೋಡೆಯ ಆಚೆಗೇ ದೇವರಮನೆ. ಪಾತ್ರೆ ತಿಕ್ಕುತ್ತ ಹದಿಮೂರು ವರ್ಷ ನಾನು ತಪ್ಪಿಸಿಕೊಂಡ ಮಾತು ಈಗ ಮಲಗಿದಲ್ಲೇ ಕೇಳಿಸತೊಡಗಿತು. ಹಿತ್ತಲಿಗೆ ಓಡಲು ಕಾಲಲ್ಲಿ ಶಕ್ತಿಯಿರಲಿಲ್ಲ. ಅತ್ತೆಯ ಪ್ರಾರ್ಥನೆಯಲ್ಲಿ ಮಂತ್ರವೇನೂ ಇರಲಿಲ್ಲ. ಕಾಯಿಪಲ್ಲೆಯವಳ ಹತ್ತಿರ ಮಾತಾಡುವ ದನಿಯಲ್ಲೇ ಅವರು ಶಿವನ ಹತ್ತಿರ ಮಾತಾಡುತ್ತಿದ್ದರು.

“ಗೌರಿಗಿ ಛಲೋ ಬುದ್ಧಿ ಕೊಡು, ಸಿಟ್ಟು ಕಡಿಮಿ ಮಾಡು. ನೀಲಾಗ ಆಯುಷ್ಯ ಕೊಡು, ಆ ಪೋರಿಗಿ ಊಟ ಸೇರಂಗಿಲ್ಲ, ಹಸಿವಿ ಕೊಡು. ನಮ್ಮ ಬಸೂಗ ಅಂವಾ ಇದ್ದಲ್ಲಿ ನೆರಳು ಇರ್ಲಿ.”

ಬಸು ಎಂಬ ಹೆಸರಿಗೆ ಹಾಸಿಗೆಯಲ್ಲಿ ಎದ್ದು ಕೂತೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಈ ಮುದುಕಿ ದಿನಾ ಬೆಳಿಗ್ಗೆ ಎತ್ತುತ್ತಿದ್ದಳು, ಬದುಕಿರುವ ಮಕ್ಕಳ ಸಾಲಿನಲ್ಲೇ. ನನಗೆ ಸಿಟ್ಟು ಬಂತು. ಮಾರನೆಯ ದಿನ ಕಿವಿ ಮುಚ್ಚಿಕೊಂಡೆ. ಮೂರನೆಯ ದಿನ ಮುಚ್ಚಿಕೊಳ್ಳಲಿಲ್ಲ. ಎಷ್ಟೋ ದಿನಗಳ ಮೇಲೆ ಆ ಸಾಲಿನ ಕೊನೆಗೆ, “ನಂದಾಗ ಎಬ್ಬಿಸು, ಆಕಿ ಕೂಸಿನಂಗ ಸೊರಗ್ಯಾಳ” ಎಂದದ್ದು ಕೇಳಿಸಿತು. ನನ್ನ ಹೆಸರು ಮಹಾನಂದಾ. ಸೊಸೆಯಾಗಿ ಬಂದವಳನ್ನು ಮಕ್ಕಳ ಪಟ್ಟಿಗೆ ಸೇರಿಸಿದ್ದರು. ಗೋಡೆಯ ಕಡೆ ತಿರುಗಿ ಮಲಗಿದೆ. ಆ ದಿನ ಭಾಕ್ರಿ ಪೂರ್ತಿ ತಿಂದೆ.

ಎರಡು ತಿಂಗಳ ಹತ್ತಿರ ಬಂದಾಗ ಕೆಮ್ಮು ಕಡಿಮೆಯಾಗಿತ್ತು, ತೂಕ ಸ್ವಲ್ಪ ಏರಿತ್ತು. ಇನ್ನೇನು ಮಕ್ಕಳನ್ನು ಕರೆಸಬಹುದು ಎಂದುಕೊಳ್ಳುತ್ತಿರುವಾಗ ಕಮಲಕ್ಕ ಫೋನೂ ಮಾಡದೆ ಇಬ್ಬರನ್ನೂ ಕರೆದುಕೊಂಡು ಬಂದು ನಿಂತಳು. ನೀಲಾ ಅವಳ ಹೆಗಲ ಮೇಲಿದ್ದಳು. ಏಳು ವರ್ಷದ ಹುಡುಗಿಯನ್ನು ಯಾರೂ ಹಾಗೆ ಎತ್ತಿಕೊಳ್ಳುವುದಿಲ್ಲ.

“ಎಂಟು ದಿನ ಆಯ್ತು, ಸಂಜೀಕ ಜ್ವರ ಬರ್ತದ,” ಎಂದಳು ಕಮಲಕ್ಕ. “ಗೌರಿ ಆಕಿಗಿ ಹೆರಳ ಹಾಕಲಾಕ ಕೂತಾಗ ನೋಡ್ಯಾಳ. ಕಿವಿ ಕೆಳಗ ಗಂಟು ಅದ.”

ನಾನು ಕೈ ಮುಂದೆ ಮಾಡಿದೆ, ಆಮೇಲೆ ಹಿಂದಕ್ಕೆ ಎಳೆದುಕೊಂಡೆ. ಮುಟ್ಟಬಹುದೋ ಇಲ್ಲವೋ ಎಂದು ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ. ಗೌರಿ ಬಾಗಿಲಲ್ಲಿ ನಿಂತಿದ್ದಳು. ಉದಗೀರದ ಡಾಕ್ಟರು ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆಯಾ ಎಂದು ಕೇಳಿದ್ದರಂತೆ. ಇಲ್ಲ ಎಂದು ಗೌರಿಯೇ ಖಚಿತವಾಗಿ ಹೇಳಿದ್ದಳಂತೆ. ಆಗ ಕಮಲಕ್ಕ ತಲೆ ತಗ್ಗಿಸಿ, ಇದೆ ಎಂದಿದ್ದಳು.

“ನನಗ ಮೊದ್ಲೇ ಹೇಳಬೇಕಿತ್ತು,” ಎಂದಳು ಗೌರಿ. ದನಿ ಏರಿಸಲಿಲ್ಲ. “ನಾ ನೀಲಾಗ ನಿನ್ನ ಹತ್ರ ಮಲಗಲಾಕ ಬಿಡ್ತಿರಲಿಲ್ಲ.”

ನಾನು ಸೆರಗನ್ನು ಬಾಯಿಗೆ ಕಟ್ಟಿಕೊಂಡು, ನೀಲಾಳ ಹಾಸಿಗೆಯನ್ನು ಗೌರಿಯ ಹಾಸಿಗೆಯ ಪಕ್ಕದಲ್ಲಿ ಹಾಸಿದೆ.

ಮರುದಿನ ಉಮರ್ಗಾದ ದವಾಖಾನೆಯಲ್ಲಿ ಇಬ್ಬರನ್ನೂ ತೋರಿಸಿದೆವು. ಗಂಟಿಗೆ ಸೂಜಿ ಚುಚ್ಚಿ ನೀರು ತೆಗೆದರು. ಗೌರಿಗೂ ಎಕ್ಸರೇ ಆಯಿತು. ಫಲಿತಾಂಶ ಬರುವುದಕ್ಕೆ ಮತ್ತೆ ನಾಲ್ಕು ದಿನ. ನಾಲ್ಕನೆಯ ದಿನ ಓಪಿಡಿಯ ಸಿಮೆಂಟಿನ ಕಟ್ಟೆಯ ಮೇಲೆ ನಾನು, ಅತ್ತೆ, ಇಬ್ಬರು ಮಕ್ಕಳು ಕೂತಿದ್ದೆವು. ನಮ್ಮವರು ಒಳಗೆ ಚೀಟಿ ಹಿಡಿದು ನಿಂತಿದ್ದರು. ಹುಣಸೆಬೀಜದ ಆಟ ಆಡೋಣ ಎಂದು ನೀಲಾ ಅಕ್ಕನನ್ನು ಕಾಡುತ್ತಿದ್ದಳು. ತುರೋರಿಯ ಕಡೆಯಿಂದ ಬಂದ ಒಬ್ಬ ಮುದುಕ ಕಟ್ಟೆಯ ತುದಿಯಲ್ಲಿ ಕೂತು ಕೆಮ್ಮುತ್ತಿದ್ದ. ನಾನು ಮಕ್ಕಳನ್ನು ಈಚೆಗೆ ಎಳೆದುಕೊಂಡೆ. ಎಳೆದುಕೊಂಡ ಮೇಲೆ ನಾಚಿಕೆಯಾಯಿತು. ಅವನಿಂದ ಬಂದದ್ದಲ್ಲ ಅವಳಿಗೆ.

ತುಂಬ ದಣಿದಿದ್ದೆ. ಗುಳಿಗೆಯಿಂದ, ಬಿಸಿಲಿನಿಂದ, ನಿದ್ದೆಯಿಲ್ಲದ ನಾಲ್ಕು ದಿನದಿಂದ. ಬೇಡಿಕೊಳ್ಳಬೇಕು ಅನ್ನಿಸಿತು. ಆದರೆ ಏನೆಂದು? ಹಿಂದೆ ಕೇಳಿದ್ದೆ, ಗೋಡೆ ಬಿತ್ತು. ಈಗ ಕೇಳುವುದಾದರೆ, ಯಾರಿಂದ ಕಾಪಾಡು ಎಂದು ಕೇಳಬೇಕು? ನೀಲಾಳಿಗೆ ಈ ರೋಗ ಕೊಟ್ಟವಳು ನಾನೇ. ನನ್ನಿಂದಲೇ ನನ್ನ ಮಕ್ಕಳನ್ನು ಕಾಪಾಡು ಎಂದು ಕೇಳಬೇಕಿತ್ತು.

“ಅತ್ತಿ,” ಅಂದೆ, “ಬಸು ಹೋದ ಮ್ಯಾಲೂ ನೀವು ಹ್ಯಾಂಗ ಕೇಳಿದ್ರಿ? ದಿನಾ?”

ಅವರು ನನ್ನ ಕಡೆ ನೋಡಲಿಲ್ಲ. ಸೀರೆಯ ಅಂಚನ್ನು ಬೆರಳಿನಿಂದ ತಿದ್ದುತ್ತ ಕೂತರು.

“ಕೇಳಿದ್ರ ಕೊಡ್ತಾನಂತ ಕೇಳಂಗಿಲ್ಲ ಯವ್ವಾ. ಮೊದಲ ಕೇಳ್ತಿದ್ದೆ. ಆ ವರ್ಷ ನನಗೂ ಬ್ಯಾಸರ ಬಂದಿತ್ತು, ಮೂರು ತಿಂಗಳು ಸುಮ್ನ ಕೂತೆ. ಆಮ್ಯಾಲ ಒಂದಿನ ಅವನ ಮಾರಿ ನೆನಪಾಗಲಿಲ್ಲ ನನಗ. ಅಂಜಿಕಿ ಬಂತು. ಹೆಸರು ತಗೊಂಡ್ರ ಮಾರಿ ಕಾಣ್ತದ. ಅದಕ್ಕ ತಗೋತೀನಿ.” ನನ್ನ ಕಡೆ ತಿರುಗಿ, “ನೀನೂ ತಗೋ. ಬಾಯಾಗೇ ತಗೋ, ಯಾರಿಗಿ ಕೇಳ್ಬೇಕು?” ಅಂದರು.

ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ, ವಿಭೂತಿ ಇರಲಿಲ್ಲ. ಕೂತಲ್ಲೇ ತುಟಿ ಅಲ್ಲಾಡಿಸಿದೆ. ನೀಲಾ. ಗೌರಿ. ಬಸು ಎನ್ನಲು ಬಹಳ ಹೊತ್ತು ಬೇಕಾಯಿತು. ಅಂದೆ. ಅವನ ಮುಖ ಬಂತು, ಹಣೆಯ ಮೇಲೆ ಬೆವರಿಗೆ ಕೂದಲು ಅಂಟಿಕೊಂಡ ಮುಖ. ಸಣ್ಣವಳನ್ನು ನನ್ನಿಂದ ಕಾಪಾಡು. ದೊಡ್ಡವಳಿಗೆ ನನ್ನನ್ನು ಕ್ಷಮಿಸುವ ದಾರಿ ತೋರಿಸು, ತೋರಿಸದಿದ್ದರೂ ಅವಳ ದಾರಿ ತೋರಿಸು. ಅಷ್ಟೇ. ಎದೆ ಹಗುರಾಗಲಿಲ್ಲ. ಹಾಗಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ, ನನಗೆ ಆಗಲಿಲ್ಲ. ಹದಿಮೂರು ವರ್ಷ ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಕೈ ಹಾಕಿದಾಗ ಆಗುವ ಆಯಾಸವೇ ಆಯಿತು.

ನಮ್ಮವರು ಹೊರಗೆ ಬಂದರು. ಗೌರಿಗೆ ಏನೂ ಇಲ್ಲ. ನೀಲಾಳ ಗಂಟು ಅದೇ ರೋಗದ್ದು. ಎದೆಗೆ ಇಳಿದಿಲ್ಲ, ಆರು ತಿಂಗಳ ಗುಳಿಗೆ, ಗುಣವಾಗುತ್ತದೆ. ಹೇಳುತ್ತ ಹೇಳುತ್ತ ಅವರು ಕಟ್ಟೆಯ ಮೇಲೆ ಕುಸಿದು ಕೂತು, ಅಷ್ಟು ಜನರ ಮುಂದೆ ಮಗಳನ್ನು ತೊಡೆಗೆ ಎಳೆದುಕೊಂಡು ಅತ್ತರು. ಯಾರಿಗೂ ಹೇಳಬೇಡ ಎಂದವರು ಅವರೇ.

ರಜಿಯಾ ಸಿಸ್ಟರ್ ನನ್ನ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟಳು. ಅದರ ಮೇಲೆ ನೀಲಾಳ ಹೆಸರು ಬರೆಯುವುದನ್ನು ನಾನು ನೋಡಲಾರದೆ ಕಿಟಕಿಯ ಹೊರಗೆ ನೋಡಿದೆ. ಆಮೇಲಿನ ದಿನಗಳಲ್ಲಿ ತಾಯಿ ಮಗಳು ಜೊತೆಯಾಗಿ ಹೋದೆವು. ಶಾಲೆ ಶುರುವಾಗಿತ್ತು. ಪಾಟಿಚೀಲ ಬೆನ್ನಿಗೆ ಹಾಕಿಕೊಂಡೇ ಬರುತ್ತಿದ್ದಳು. ಗುಳಿಗೆ ನುಂಗಿಸುವುದು ಯುದ್ಧ. ಪುಡಿ ಮಾಡಿ ಬೆಲ್ಲದಲ್ಲಿ ಕಲಸಿದರೂ ಉಗುಳುತ್ತಿದ್ದಳು. ರಜಿಯಾ ಟೇಬಲ್ಲಿನ ಖಾನೆಯಲ್ಲಿ ಶೇಂಗಾ ಚಿಕ್ಕಿ ಇಟ್ಟು, ನುಂಗಿದ ಮೇಲೆ ಒಂದು ತುಂಡು ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ನೀಲಾ ಕೂಗಿದಳು, “ಅವ್ವಾ, ಕೇಸರಿ! ನಂದೂ ನಿನ್ನಂಗೇ ಕೇಸರಿ ಆಗ್ಯದ!” ಆ ಗುಳಿಗೆಯಿಂದ ಮೂತ್ರ ಹಾಗಾಗುತ್ತದೆ. ಅವಳ ಸಂಭ್ರಮ ನೋಡಿ ನಾನು ಬಾಗಿಲಿಗೆ ಒರಗಿ ನಕ್ಕೆ. ನಗುತ್ತ ನಗುತ್ತ ಉಸಿರು ಸಾಲದೆ ಕೂತೆ.

ಗೌರಿ ನಗಲಿಲ್ಲ. ಮನೆಗೆಲಸ ಮಾಡುತ್ತಿದ್ದಳು, ತಂಗಿಯ ತಲೆ ಬಾಚುತ್ತಿದ್ದಳು, ನನ್ನ ಜೊತೆ ಬೇಕಾದಷ್ಟೇ ಮಾತು. ನಾಲ್ಕು ತಿಂಗಳು. ನನ್ನ ಗುಳಿಗೆ ಮುಗಿದು, ಕೊನೆಯ ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ದಿನವೂ “ಹೌದಾ” ಎಂದು ಪುಸ್ತಕಕ್ಕೆ ತಲೆ ತಗ್ಗಿಸಿದಳು. ಬುದ್ಧಿ ಹೇಳಲು ಹೋಗಲಿಲ್ಲ ನಾನು. ಅವಳ ಸಿಟ್ಟು ಕಡಿಮೆ ಮಾಡು ಎಂದು ಅತ್ತೆ ಕೇಳುತ್ತಿದ್ದರು. ನಾನು ಅದನ್ನು ಕೇಳಲಿಲ್ಲ. ಆ ಸಿಟ್ಟು ಇದ್ದದ್ದರಿಂದಲೇ ಅವಳು ದಿನಾ ತಂಗಿಯ ಕುತ್ತಿಗೆ ಮುಟ್ಟಿ ನೋಡುತ್ತಿದ್ದಳು.

ನೀಲಾಳದು ಇನ್ನೂ ಎರಡು ತಿಂಗಳು ಉಳಿದಿತ್ತು. ಒಂದು ಸೋಮವಾರ ನನಗೆ ಜ್ವರ. ಸಾದಾ ನೆಗಡಿಯೇ, ಆದರೆ ಏಳಲಾಗಲಿಲ್ಲ. ಗೌರಿ ಶಾಲೆಯ ಬಟ್ಟೆಯಲ್ಲೇ ಬಂದು, “ನೀ ಮಲಕೋ. ನಾ ಒಯ್ತೀನಿ ಆಕಿಗಿ,” ಎಂದಳು. ಹೊರಟವಳು ಬಾಗಿಲಲ್ಲಿ ತಿರುಗಿ, “ಅವ್ವಾ, ಕಫದ ಡಬ್ಬಿ ತರಲಾ? ತೋರಿಸಿಬಿಡೋಣು. ಮುಚ್ಚಿಡಬ್ಯಾಡ,” ಎಂದಳು. ಬೈಗುಳವಲ್ಲ, ಅನುನಯ. ನಾನು ತಾ ಅಂದೆ. ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಅಂದಿನಿಂದ ನಮ್ಮ ನಡುವೆ ಮಾತು ಹರಿಯತೊಡಗಿತು. ಹಿಂದಿನ ಹಾಗೆ ಅಲ್ಲ, ಇಬ್ಬರು ದೊಡ್ಡವರ ನಡುವಿನ ಮಾತಿನ ಹಾಗೆ.

ಇದೆಲ್ಲ ಆಗಿ ವರ್ಷಗಳಾದವು. ನನ್ನ ಎಡ ಪುಪ್ಪುಸದಲ್ಲಿ ಕಲೆ ಉಳಿದಿದೆ. ಮೆಟ್ಟಿಲು ಹತ್ತಿದರೆ ನಿಲ್ಲಬೇಕಾಗುತ್ತದೆ. ನೀಲಾಳ ಕಿವಿಯ ಕೆಳಗೆ ಗೀರಿನಷ್ಟು ಗುರುತು. ಕೋಣೆಯ ಮೂಲೆಯಲ್ಲಿ ಬೇರೆ ತಾಟು ಇಟ್ಟುಕೊಂಡು ಕೂತಿರುವ ಯಾರಾದರೂ ಇದನ್ನು ಓದಿದರೆ, ನಿಮಗೆ ಹೇಳುವುದು ಎರಡೇ. ಹೊತ್ತು ಮಾಡದೆ ತೋರಿಸಿಕೊಳ್ಳಿ. ಮಕ್ಕಳಿಗೆ ನಿಜ ಹೇಳಿ. ಬೇಡಿಕೊಳ್ಳುವುದರ ಬಗ್ಗೆ ನಾನು ಯಾರಿಗೂ ಏನೂ ಹೇಳಲಾರೆ.

ಹತ್ತನೆಯದು ಮುಗಿದ ಮೇಲೆ ಗೌರಿ ಕಾಲೇಜಿಗೆಂದು ಲಾತೂರಿನ ಹಾಸ್ಟೆಲಿಗೆ ಹೊರಟಳು. ಉಮರ್ಗಾದ ಬಸ್‌ಸ್ಟ್ಯಾಂಡಿಗೆ ನಾನೂ ನೀಲಾಳೂ ಕಳಿಸಲು ಹೋಗಿದ್ದೆವು. ಹೇಳಬೇಕಾದದ್ದು ಬಹಳವಿತ್ತು. ಯಾರ ಜೊತೆ ಸೇರಬೇಕು, ಯಾರ ಜೊತೆ ಬೇಡ, ಹೊತ್ತಿಗೆ ಉಣ್ಣು, ಗೋಡೆಯ ಪಕ್ಕ ಮಲಗಬೇಡ. ಏನೂ ಹೇಳಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಕಿಟಕಿಯಲ್ಲಿ ಕೂತು ಗೌರಿ ಕೆಮ್ಮಿದಳು. ನಾನೂ ನೀಲಾಳೂ ಒಟ್ಟಿಗೇ ಮುಂದೆ ಹೋದೆವು.

“ಧೂಳ ಅವ್ವಾ, ಧೂಳ!” ಎಂದು ಗೌರಿ ನಗುತ್ತ ಕೈ ಬೀಸಿದಳು.

ಬಸ್ಸು ಹೈವೇ ಕಡೆ ತಿರುಗುವವರೆಗೆ ನಿಂತೆ. ಅವಳ ಹೆಸರು ತೆಗೆದುಕೊಂಡೆ. ಕಾಯಿ ಅಂದೆ, ದಾರಿ ತೋರಿಸು ಅಂದೆ. ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಕಾಲು ನೋಯುತ್ತಿದ್ದವು. ನೀಲಾಳ ಹೆಗಲ ಮೇಲೆ ಕೈಯಿಟ್ಟು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ ಮನೆಗೆ ನಡೆದೆ.